ಮಗು ಸೊರಗಿರಲಿಲ್ಲ, ಬೆಳೆಯುತ್ತಿತ್ತು

ಕಳೆದ ವಾರ ಮೊಮ್ಮಗನನ್ನು ಮಕ್ಕಳ ವೈದ್ಯರ ಬಳಿ ಕರೆದೊಯ್ದಿದ್ದೆವು. ಹೋದದ್ದು ಕೆಮ್ಮಿಗೆ. ಅವರು ಎತ್ತರ, ತೂಕ ನೋಡಿ ಹಳೆಯ ತಾಯಿ ಕಾರ್ಡ್ ಕೇಳಿದರು. ನಾಲ್ಕು ವರ್ಷ, 102 ಸೆಂ.ಮೀ., 20 ಕೆಜಿ. ಎರಡು ತುಂಬಿದಾಗ ಹನ್ನೊಂದೂವರೆ ಕೆಜಿ ಇದ್ದ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು ಎರಡು ಕೆಜಿ ಏರುತ್ತಾರೆ. ಇವನು ಎರಡು ವರ್ಷದಲ್ಲಿ ಎಂಟೂವರೆ ಕೆಜಿ ಏರಿದ್ದಾನೆ. ವೈದ್ಯರು ಕಾರ್ಡಿನ ಮೇಲೆ ಬೆರಳಿಟ್ಟು, “ಅಮ್ಮಾ, ತೂಕದ ಗೆರೆ ಇಲ್ಲಿಂದ ಮೇಲಕ್ಕೆ ತಿರುಗಿದೆ. ಆಗ ಮನೆಯಲ್ಲಿ ಏನು ಬದಲಾಯಿತು?” ಎಂದು ಕೇಳಿದರು.

ಏನು ಬದಲಾಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಗ ಅವನ ಊಟದ ಹೊಣೆ ನನ್ನದಾಯಿತು. ಕೆನ್ನೆ ಇಳಿದಿತ್ತು, ಕೈಕಾಲು ಉದ್ದವಾಗಿದ್ದವು. ಮನೆಗೆ ಬಂದವರೆಲ್ಲ “ಯಾಕೆ ಮಗು ಸೊರಗಿದೆ?” ಎನ್ನುತ್ತಿದ್ದರು. ಆ ಮಾತು ನನ್ನನ್ನು ಚುಚ್ಚುತ್ತಿತ್ತು. ಹಾಲಿಗೆ ದಿನಕ್ಕೆ ಮೂರು ಬಾರಿ ಚಾಕೊಲೇಟ್ ಪುಡಿ ಬೆರೆಸಿದೆ. ಅನ್ನಕ್ಕೆ ಎರಡು ಚಮಚ ತುಪ್ಪ, ಊಟದ ನಡುವೆ ಬಿಸ್ಕತ್ತು. ತುಟಿ ಬಿಗಿದುಕೊಂಡರೆ ಮೊಬೈಲ್ ಹಿಡಿದೆ. ಅವನು ಪರದೆ ನೋಡುತ್ತಾ ಬಾಯಿ ತೆರೆಯುತ್ತಿದ್ದ, ನಾನು ತುತ್ತು ಇಡುತ್ತಿದ್ದೆ. ತಟ್ಟೆ ಖಾಲಿಯಾದರೆ ಅಂದಿನ ದಿನ ಸಾರ್ಥಕವೆನಿಸುತ್ತಿತ್ತು.

ಮಗು ಸೊರಗಿರಲೇ ಇಲ್ಲ. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಮೂರು ಪಟ್ಟಾಗುತ್ತದೆ. ಆಮೇಲೆ ಬೆಳವಣಿಗೆಯ ವೇಗ ಇಳಿಯುತ್ತದೆ, ಅದರ ಜೊತೆಗೆ ಹಸಿವೂ ಇಳಿಯುತ್ತದೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಮೊದಲ ವರ್ಷದೊಳಗೇ ತುದಿ ಮುಟ್ಟಿ, ಮುಂದೆ ಇಳಿಯುತ್ತಾ ಹೋಗಿ, ಐದಾರು ವರ್ಷದ ಹೊತ್ತಿಗೆ ಮತ್ತೆ ಏರತೊಡಗುತ್ತದೆ. ಈ ಎರಡನೆಯ ಏರಿಕೆ ಬೇಗ ಶುರುವಾದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಸಾಧ್ಯತೆ ಹೆಚ್ಚು. ಪ್ರಕೃತಿಯೇ ಮಗುವನ್ನು ತೆಳ್ಳಗೆ ಮಾಡುವ ಕಾಲವದು. ನಾನು ಅದನ್ನು ಕಾಯಿಲೆಯೆಂದು ತಿಳಿದೆ.

“ಬೆಳೆಯುತ್ತಾ ಕರಗುತ್ತದೆ ಬಿಡಿ” ಎಂದು ಸಮಾಧಾನ ಹೇಳುವವರಿಗೆ ಒಂದು ವಿಷಯ. ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 51,000ಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದಲ್ಲಿ ಬೊಜ್ಜಿದ್ದವರ ಬಿಎಂಐ ಅತ್ಯಂತ ವೇಗವಾಗಿ ಏರಿದ್ದು ಎರಡರಿಂದ ಆರು ವರ್ಷದ ನಡುವೆ. ಮೂರು ವರ್ಷಕ್ಕೇ ಬೊಜ್ಜಿದ್ದ ಮಕ್ಕಳಲ್ಲಿ ಸುಮಾರು ಶೇ. 90ರಷ್ಟು ಮಂದಿ ಹದಿಹರೆಯದಲ್ಲೂ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು.

ನನ್ನ ನಿದ್ದೆಗೆಡಿಸಿದ್ದು ನಮ್ಮ ದೆಹಲಿಯ ಅಧ್ಯಯನ. ಹುಟ್ಟಿನಿಂದ ಅಳೆಯುತ್ತಾ ಬಂದಿದ್ದ 1,492 ಮಂದಿಯನ್ನು ಮೂವತ್ತರ ಆಸುಪಾಸಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಸಕ್ಕರೆ ಕಾಯಿಲೆ ಅಥವಾ ಅದರ ಹೊಸ್ತಿಲಲ್ಲಿದ್ದವರು ಎರಡು ವರ್ಷದವರೆಗೆ ತೆಳ್ಳಗಿದ್ದವರು. ಬಳಿಕ ಅವರ ಬಿಎಂಐ ಬೇಗನೆ ಏರತೊಡಗಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಒಬ್ಬರಿಗೂ ಬೊಜ್ಜಿರಲಿಲ್ಲ! ಅಂದರೆ ಮಗು ಡುಮ್ಮನಾಗಿ ಕಾಣುವವರೆಗೆ ಕಾಯುವಂತಿಲ್ಲ, ಗೆರೆ ನೋಡಬೇಕು.

ಕಾರಣ ಊಟವೊಂದೇ ಅಲ್ಲ. ವಂಶವಾಹಿ ಇದೆ, ಬಸುರಿನಲ್ಲಿ ತಾಯಿಗಿದ್ದ ಸಕ್ಕರೆ ಕಾಯಿಲೆ ಇದೆ. ನಿದ್ದೆಯೂ ಇದೆ: ಮೂರು-ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮವನು ಮಲಗುತ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ. ಆದರೆ ನನ್ನ ಕೈಯಲ್ಲಿದ್ದದ್ದು ತುತ್ತು. ಹೊಟ್ಟೆ ತುಂಬಿತೆಂದು ಮಗು ಮುಖ ತಿರುಗಿಸುವುದನ್ನು ದಿನವೂ ಸೋಲಿಸಿದರೆ, ತನಗೆ ಸಾಕಾಯಿತೆಂದು ತಿಳಿಯುವುದನ್ನೇ ಅದು ಮರೆಯುತ್ತದೆ.

ನನ್ನ ಅಜ್ಜಿಯೂ ಚಂದಮಾಮನನ್ನು ತೋರಿಸಿಯೇ ನಮಗೆ ಉಣಿಸಿದ್ದು. ಆದರೆ ಆ ಬಟ್ಟಲಲ್ಲಿದ್ದದ್ದು ಹಿಸುಕಿದ ಅನ್ನ-ಸಾರು. ನಾವು ಅಂಗಳವೆಲ್ಲ ಓಡುತ್ತಿದ್ದೆವು. ಒಲ್ಲೆ ಎಂದರೆ ಉಳಿದದ್ದು ಕೊಟ್ಟಿಗೆಯ ಕಲಗಚ್ಚಿಗೆ ಹೋಗುತ್ತಿತ್ತು.

ದಯವಿಟ್ಟು ಇದನ್ನು ಓದಿ ಯಾರೂ ಮಗುವಿನ ಅನ್ನ ಕಡಿಮೆ ಮಾಡಬೇಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕ ಶೇ. 2.1ರಿಂದ 3.4ಕ್ಕೆ ಏರಿದೆ ಎಂದು ತೋರಿಸಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ, ಶೇ. 35ಕ್ಕೂ ಹೆಚ್ಚು ಮಕ್ಕಳ ಎತ್ತರ ಕುಂಠಿತವಾಗಿದೆ ಎಂದೂ ಹೇಳಿದೆ. ಯಾವುದು ಹಸಿವು, ಯಾವುದು ಸಹಜ ಸಣ್ಣತನ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಅಂಗನವಾಡಿಯಲ್ಲಿ ತಕ್ಕಡಿ ಇದೆ, ಎತ್ತರ ಅಳೆಯುವ ಪಟ್ಟಿ ಇದೆ.

ನಮ್ಮವನ ತೂಕ ಇಳಿಸುವುದು ಬೇಡ, ಇಲ್ಲೇ ನಿಂತರೆ ಸಾಕು, ಎತ್ತರ ಬೆಳೆಯಲಿ ಎಂದಿದ್ದಾರೆ ವೈದ್ಯರು. ಪುಡಿಯ ಡಬ್ಬಿ ಮನೆಯಿಂದ ಹೋಗಿದೆ. ಊಟಕ್ಕೆ ಮೊಬೈಲ್ ಇಲ್ಲ. ಮೊದಲ ಮೂರು ದಿನ ದೊಡ್ಡ ರಂಪವಾಯಿತು. ನಿನ್ನೆ ಅರ್ಧ ರಾಗಿ ರೊಟ್ಟಿ ಬಿಟ್ಟು ಎದ್ದ. ಕರೆಯಲು ಬಾಯಿ ತೆರೆದೆ, ಕರೆಯಲಿಲ್ಲ. ಮುಂದಿನ ತಿಂಗಳು ಹಬ್ಬಕ್ಕೆ ಬರುವ ನಮ್ಮ ಬಂಧುಗಳೂ ಇದನ್ನು ಓದುತ್ತೀರೆಂದು ಗೊತ್ತು. ಬಿಸ್ಕತ್ತಿನ ಪೊಟ್ಟಣ ತರಬೇಡಿ, ಒಂದು ಚಿಪ್ಪು ಬಾಳೆಹಣ್ಣು ತನ್ನಿ. ಅವನ ಕೆನ್ನೆ ಇಳಿದಿದ್ದರೆ, ಅವನೆದುರು ಆ ಮಾತು ಎತ್ತಬೇಡಿ.