ಅಮ್ಮನ ಸೊಂಟದ ಕರೆಂಟ್ ಡಬ್ಬಿ

ಬೆಳಗ್ಗೆ ಅಡುಗೆಗೆ ನಿಲ್ಲೋ ಮುಂಚೆ ಅಮ್ಮ ಕೂಗುತ್ತಾಳೆ, "ಬಾರೇ, ಕರೆಂಟ್ ಅಂಟಿಸು." ಕತ್ತಿನ ಬುಡದಲ್ಲಿ ಎರಡು ಪ್ಯಾಡು, ಸೊಂಟದಲ್ಲಿ ಎರಡು. ವೈರನ್ನ ಸೆರಗಿನೊಳಗೆ ಇಳಿಬಿಟ್ಟು, ಡಬ್ಬಿಯನ್ನ ಎಲೆಅಡಿಕೆ ಚೀಲದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಪ್ಪು ಬಿಡಿಸೋಕೆ ಕೂರುತ್ತಾಳೆ. ಮೊದಮೊದಲು ಪ್ಯಾಡು ಐದು ನಿಮಿಷ ನಿಲ್ಲುತ್ತಿರಲಿಲ್ಲ. ಮಿಷಿನ್ನೇ ಸರಿಯಿಲ್ಲ ಅಂತ ಅಂಗಡಿಯವನ ಹತ್ತಿರ ಜಗಳ ಆಡಿ ಬಂದೆ. ಆಮೇಲೆ ನೋಡಿದರೆ ಅಮ್ಮ ರಾತ್ರಿ ಬೆನ್ನಿಗೆಲ್ಲ ನೀಲಗಿರಿ ಎಣ್ಣೆ ತಿಕ್ಕಿಕೊಂಡಿರುತ್ತಿದ್ದಳು. ಎಣ್ಣೆ ಮೈಗೆ ಅಂಟು ಎಲ್ಲಿ ಹಿಡಿಯಬೇಕು!

ಚರ್ಮದ ಮೇಲಿಂದ ನರಗಳಿಗೆ ಸಣ್ಣ ಕರೆಂಟ್ ಕೊಡೋ ಈ ಡಬ್ಬಿಗೆ ಟೆನ್ಸ್ ಅಂತಾರೆ. ಮೈಯೆಲ್ಲ ನೋವು, ಸುಸ್ತು ಅನ್ನೋ ಅಮ್ಮನ ಕಾಯಿಲೆಗೆ ಫೈಬ್ರೊಮಯಾಲ್ಜಿಯ ಅಂತಾರೆ. ಆ ಹೆಸರು ಸಿಗೋಕೇ ಆರು ವರ್ಷ ಹಿಡಿಯಿತು. ಉರಿಯೂತ ನೋಡೋ ಇಎಸ್‌ಆರ್ ನಾರ್ಮಲ್, ಕೀಲುವಾತ ನೋಡೋ ಆರ್‌ಎ ಫ್ಯಾಕ್ಟರ್ ನೆಗೆಟಿವ್, ಥೈರಾಯ್ಡ್ ಸರಿಯಿದೆ, ಎಕ್ಸ್‌ರೇಯಲ್ಲಿ ಏನೂ ಇಲ್ಲ. "ರಿಪೋರ್ಟ್ ಎಲ್ಲ ಚೆನ್ನಾಗಿದೆಯಲ್ಲಮ್ಮ, ಮನಸ್ಸಿಗೆ ಹಚ್ಕೋಬೇಡಿ" ಅಂದ ಡಾಕ್ಟರು ಒಬ್ಬಿಬ್ಬರಲ್ಲ. ನಾವೇನು ಕಮ್ಮಿ? ಮದುವೆಮನೆಗೆ ಹೋಗೋಕೆ ಇಲ್ಲದ ನೋವು ಪಾತ್ರೆ ತೊಳೆಯೋಕೆ ಬರುತ್ತೆ ಅಂತ ನಾನೇ ಆಡಿದ್ದೆ. ಮದುವೆ ಮುಗಿಸಿ ಬಂದು ಅವಳು ಎರಡು ದಿನ ಎದ್ದಿರಲಿಲ್ಲ ಅನ್ನೋದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ.

ರಿಪೋರ್ಟು ನಾರ್ಮಲ್ ಬರೋದು ಯಾಕೆಂದರೆ ಇಲ್ಲಿ ಹದ ತಪ್ಪಿರೋದು ಕೀಲೂ ಅಲ್ಲ, ಮೂಳೆಯೂ ಅಲ್ಲ. ಮೈಯ ಸುದ್ದಿಯನ್ನ ಮೆದುಳು ಕೇಳಿಸಿಕೊಳ್ಳೋ ರೀತಿ. ಗಣಪತಿ ಪೆಂಡಾಲಿನ ಮೈಕ್‌ಸೆಟ್ಟಿನಲ್ಲಿ ಯಾರೋ ಪಕ್ಕದಲ್ಲಿ ಕೆಮ್ಮಿದ್ದೂ ಊರಿಗೆಲ್ಲ ಕೇಳುತ್ತಲ್ಲ, ಹಾಗೆ. 2002ರಲ್ಲಿ ಅಮೆರಿಕದ ಸಂಶೋಧಕರು ಹೆಬ್ಬೆರಳ ಉಗುರನ್ನ ಒತ್ತಿ, ಅದೇ ಹೊತ್ತಿಗೆ ಮೆದುಳಿನ ಸ್ಕ್ಯಾನ್ ಮಾಡಿದರು. ಉಳಿದವರ ಮೆದುಳು ಹೆಚ್ಚು ತಲೆ ಕೆಡಿಸಿಕೊಳ್ಳದ ಒತ್ತಡಕ್ಕೇ ಈ ಕಾಯಿಲೆಯವರ ಮೆದುಳಿನಲ್ಲಿ ನೋವಿನ ಜಾಗಗಳು ಎದ್ದು ಕೂತಿದ್ದವು. ಅದನ್ನ ಓದಿದ ದಿನ ಅಮ್ಮನ ಮುಖ ನೋಡೋಕೆ ನಾಚಿಕೆಯಾಯಿತು. ಈ ಕಾಯಿಲೆ ಗುರುತಿಸೋಕೆ 1990ರ ನಿಯಮದಂತೆ ಮೈಮೇಲೆ 18 ಜಾಗ ಒತ್ತಿ, 11ರಲ್ಲಿ ನೋವು ಇದೆಯಾ ಅಂತ ನೋಡುತ್ತಿದ್ದರು. 2010ರಲ್ಲಿ ಬಂದ ಹೊಸ ನಿಯಮದಲ್ಲಿ ಆ ಒತ್ತಾಟ ಇಲ್ಲ. ನೋವು ಎಷ್ಟು ಕಡೆ ಇದೆ, ಮಲಗಿ ಎದ್ದರೂ ಸುಸ್ತಾ, ತಲೆ ಮಂಕಾ, 3 ತಿಂಗಳಿಂದ ಹೀಗೇನಾ ಅಂತ ಕೇಳುತ್ತಾರೆ.

ಇನ್ನು ಕರೆಂಟ್ ವಿಷಯ. ಹೊಸ್ತಿಲು ಎಡವಿದರೆ ಕೈ ತಾನಾಗಿ ಹೋಗಿ ಬೆರಳು ತಿಕ್ಕುತ್ತೆ, ನೋವು ತುಸು ಇಳಿಯುತ್ತೆ. ಮುಟ್ಟಿದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲು ಹಾಕುತ್ತೆ ಅಂತ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನೋ ಇಬ್ಬರು ಸಂಶೋಧಕರು ವಾದಿಸಿದರು. ಟೆನ್ಸ್ ಹುಟ್ಟಿದ್ದು ಆ ಯೋಚನೆಯಿಂದ. ಮೈಯೇ ಮಾಡಿಕೊಳ್ಳೋ ನೋವುನಿವಾರಕಗಳನ್ನೂ ಇದು ಎಬ್ಬಿಸುತ್ತೆ ಅಂತ ಆಮೇಲೆ ಗೊತ್ತಾಯಿತು.

ಮೊದಲು ನಾವೂ ಎಲ್ಲರ ಹಾಗೆ ಫಿಜಿಯೊ ಹತ್ತಿರ ಹತ್ತು ಸಿಟ್ಟಿಂಗ್ ಕರೆಂಟ್ ಕೊಡಿಸಿದೆವು. ಬೋರಲು ಮಲಗೋದು, ಹದಿನೈದು ನಿಮಿಷ, ಎದ್ದು ಆಟೊ ಹತ್ತೋದು. ಮನೆ ಸೇರೋ ಹೊತ್ತಿಗೆ ನೋವು ವಾಪಸ್. ನನ್ನ ತಕರಾರು ಇರೋದೇ ಇಲ್ಲಿ. ಮಲಗಿರುವಾಗ ಯಾರಿಗೆ ಬೇಕಿತ್ತು? ಅಮೆರಿಕದ ಐಯೋವ ವಿಶ್ವವಿದ್ಯಾಲಯದ ತಂಡ 301 ಹೆಂಗಸರ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖ್ಯವಾಗಿ ಅಳೆದದ್ದು ಓಡಾಡುವಾಗಿನ ನೋವನ್ನ. ದಿನಕ್ಕೆ 2 ಗಂಟೆ, ಕೆಲಸ ಮಾಡುತ್ತಲೇ ಹಾಕಿಕೊಳ್ಳಿ ಅಂದಿದ್ದರು. 4 ವಾರಕ್ಕೆ ನಿಜವಾದ ಮಿಷಿನ್ ಹಾಕಿಕೊಂಡವರಲ್ಲಿ ನೂರಕ್ಕೆ 70 ಜನ ಸುಧಾರಿಸಿದೆ ಅಂದರು, ಹೋಲಿಕೆಗೆ ಅಂತ ಹೆಸರಿಗಷ್ಟೇ ಕೊಟ್ಟ ಸುಳ್ಳು ಮಿಷಿನ್‌ನವರಲ್ಲಿ 31. ಆ 31 ನೋಡಿ ನಗು ಬಂತು, ಆದರೂ ವ್ಯತ್ಯಾಸ ಸಣ್ಣದಲ್ಲ. ಅದಕ್ಕೂ ಹಿಂದಿನ ಅಧ್ಯಯನಗಳು ಸಣ್ಣವು, ಪುರಾವೆ ಸಾಲದು ಅಂತ, ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ತೂಗೋ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ಹೇಳಿತ್ತು. 2022ರಲ್ಲಿ ಅಮೆರಿಕದಲ್ಲಿ ಔಷಧಿ, ಸಾಧನಗಳಿಗೆ ಅನುಮತಿ ಕೊಡೋ ಎಫ್‌ಡಿಎ, ಮೀನಖಂಡಕ್ಕೆ ಕಟ್ಟಿಕೊಳ್ಳೋ ಕ್ವೆಲ್ ಅನ್ನೋ ಇಂಥದೇ ಕರೆಂಟ್ ಸಾಧನಕ್ಕೆ ಇದೇ ಕಾಯಿಲೆಗಾಗಿ ಒಪ್ಪಿಗೆ ಕೊಟ್ಟಿತು.

ಕಾಯಿಲೆ ಇದರಿಂದ ವಾಸಿಯಾಗಲ್ಲ. ಅಮ್ಮನ ರಾತ್ರಿಯ ಮಾತ್ರೆ ನಿಂತಿಲ್ಲ, ಸಂಜೆಯ ವಾಕಿಂಗೂ ಬಿಟ್ಟಿಲ್ಲ. ಮಿಷಿನ್ ಹಾಕಿಕೊಂಡಿದ್ದಾಗ ನಡೆಯೋ ಧೈರ್ಯ ಬರುತ್ತೆ, ಅಷ್ಟೇ. ಆ ಅಷ್ಟಕ್ಕೇ ಕಾಂಪೌಂಡ್ ದಾಟದವಳು ಈಗ ಹಾಲಿನ ಬೂತಿನವರೆಗೆ ಹೋಗಿ ಬರ್ತಾಳೆ.

ಪೇಸ್‌ಮೇಕರ್ ಇದ್ದವರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ, ಕತ್ತಿನ ಮುಂಭಾಗಕ್ಕೆ ಯಾರೂ ಅಂಟಿಸಬೇಡಿ. ಜುಮ್ಮೆನ್ನೋದು ಜೋರಾಗಿಯೇ ಇರಲಿ, ನೋಯಬಾರದು ಅಷ್ಟೆ. ಪ್ಯಾಡು ಒಣಗಿದರೆ ಬೆರಳಲ್ಲಿ ಒಂದು ಹನಿ ನೀರು ಸವರಿ, ಇನ್ನೂ ನಾಲ್ಕು ದಿನ ಬರುತ್ತೆ. ನೀಲಗಿರಿ ಎಣ್ಣೆಯನ್ನಂತೂ ಅಮ್ಮ ಬಿಟ್ಟಿಲ್ಲ. ಬೆಳಗ್ಗೆ ಸೋಪು ಹಾಕಿ ಬೆನ್ನು ಒರೆಸೋ ಕೆಲಸ ನನ್ನ ಪಾಲಿಗೆ ಬಂದಿದೆ.