ದೂರು ಬಂದರೆ ಡಿಲೀಟ್ ಒತ್ತುವುದಷ್ಟೇ ಕೆಲಸವಲ್ಲ

ಕನ್ನಡದ ಎಷ್ಟೋ ವೆಬ್‌ಸೈಟುಗಳ ತಳದಲ್ಲಿ ಒಂದು ಸಾಲು ಇರುತ್ತದೆ: ‘ಇಲ್ಲಿನ ಬರಹ, ಚಿತ್ರಗಳ ಬಗ್ಗೆ ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಿ, ತೆಗೆದುಹಾಕುತ್ತೇವೆ.’ ಯಾರಿಗೆ ತಿಳಿಸಬೇಕು, ಏನೇನು ಬರೆಯಬೇಕು, ಎಷ್ಟು ದಿನಕ್ಕೆ ತೆಗೆಯುತ್ತಾರೆ, ತೆಗೆದದ್ದೇ ತಪ್ಪಾಗಿದ್ದರೆ ವಾಪಸ್ ಹಾಕುತ್ತಾರೋ ಇಲ್ಲವೋ, ಒಂದಕ್ಕೂ ಉತ್ತರ ಇರುವುದಿಲ್ಲ. ಬೆಂಗಳೂರಿನಲ್ಲಿ ಕೂತು ಕಥೆ, ಕವನ, ಆಡಿಯೊ, ವಿಡಿಯೊ ತಾಣ ನಡೆಸುವವರು ಈಗ ಬೇಕಾದಷ್ಟು ಜನ ಇದ್ದಾರೆ. ಕೃತಿಸ್ವಾಮ್ಯದ (ಕಾಪಿರೈಟ್) ದೂರು ಬಂದಾಗ ಏನು ಮಾಡಬೇಕೆಂದು ಅವರಿಗೆ ನಾನು ಹೇಳುವುದು ಇಷ್ಟೇ: ತೆಗೆಯುವುದು ಎರಡು ನಿಮಿಷದ ಕೆಲಸ. ತೆಗೆಯುವ ಮುಂಚೆ ನೋಡಬೇಕಾದದ್ದು, ತೆಗೆದ ಮೇಲೆ ಮಾಡಬೇಕಾದದ್ದು, ನಿಜವಾದ ಕೆಲಸ ಅದು. ಅದನ್ನು ಬಿಟ್ಟರೆ ಬರೆದವರಿಗೂ ಅನ್ಯಾಯ, ಹಾಕಿದವರಿಗೂ ಅನ್ಯಾಯ.

ಮೊದಲು ನೋಡಬೇಕಾದದ್ದು, ಆ ಬರಹ ಹಾಕಿದ್ದು ಯಾರು ಎಂಬುದನ್ನು. ಓದುಗರು ತಾವೇ ಖಾತೆ ತೆರೆದು ಹಾಕಿದ್ದರೆ ನೀವು ನಡುವಿನವರು. ಬೇರೆಯವರು ಹಾಕಿದ್ದಕ್ಕೆ ತಾಣದವರು ಹೊಣೆಯಲ್ಲ ಎಂದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ 2000ರ ಸೆಕ್ಷನ್ 79 ಕೊಡುವ ರಕ್ಷಣೆ ಇಂಥವರಿಗೆ. ಅದೂ ಷರತ್ತಿನ ಮೇಲೆ: ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ವಿಳಾಸ ಸೈಟಿನಲ್ಲಿ ಕಾಣಬೇಕು, ದೂರು ತಲುಪಿತೆಂದು 24 ಗಂಟೆಯೊಳಗೆ ತಿಳಿಸಬೇಕು ಎನ್ನುತ್ತವೆ 2021ರ ಐಟಿ ನಿಯಮಗಳು. ಆದರೆ ನಿಮ್ಮ ಸಂಪಾದಕರೇ ಆರಿಸಿ, ತಿದ್ದಿ, ಶೀರ್ಷಿಕೆ ಕೊಟ್ಟು ಹಾಕಿದ ಬರಹಕ್ಕೆ ಆ ರಕ್ಷಣೆ ಕೇಳುವುದು ಕಷ್ಟ. ಆಗ ನೀವು ಪ್ರಕಾಶಕರೇ. ಆ ಬರಹದ ಹೊಣೆ ಹಾಕಿದ ದಿನದಿಂದಲೇ ನಿಮ್ಮದು, ದೂರು ಬಂದ ದಿನದಿಂದಲ್ಲ.

ಇನ್ನು ದೂರು. ಸಾಮಾನ್ಯವಾಗಿ ಬರುವುದು ಹೀಗೆ: ‘ನಿಮ್ಮ ಸೈಟಿನಲ್ಲಿ ನನ್ನ ಕಥೆ ಕದ್ದು ಹಾಕಿದ್ದೀರಿ, ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಸೈಬರ್ ಪೊಲೀಸರ ಹತ್ತಿರ ಹೋಗುತ್ತೇನೆ.’ ಯಾವ ಕಥೆ, ಯಾವ ಪುಟ, ಮೊದಲು ಎಲ್ಲಿ ಅಚ್ಚಾಗಿತ್ತು, ಒಂದೂ ಇಲ್ಲ. ಕೋಪ ಅರ್ಥವಾಗುತ್ತದೆ. ಆದರೆ ಸಾವಿರಾರು ಪುಟಗಳಿರುವ ತಾಣದಲ್ಲಿ ಹುಡುಕುವವರು ಎಲ್ಲಿಂದ ಶುರು ಮಾಡಬೇಕು? ಮೈಸ್ಪೇಸ್ ಎಂಬ ಸಾಮಾಜಿಕ ತಾಣದ ವಿರುದ್ಧ ಹಾಡುಗಳ ಕಂಪನಿ ಸೂಪರ್ ಕ್ಯಾಸೆಟ್ಸ್ ಹೂಡಿದ್ದ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2016ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ‘ನಮ್ಮ ಹಾಡುಗಳೆಲ್ಲ ನಮ್ಮವು’ ಎಂಬ ಸಾರಾಸಗಟು ಸೂಚನೆ ಸಾಲದು, ಯಾವ ಕೃತಿ ಎಲ್ಲಿದೆ ಎಂದು ನಿರ್ದಿಷ್ಟವಾಗಿ ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ತಾಣದವರು ಕೋರ್ಟ್ ಆದೇಶ ಬರಲಿ ಎಂದು ಕಾಯುವಂತಿಲ್ಲ, 36 ಗಂಟೆಯೊಳಗೆ ತೆಗೆಯಬೇಕು. ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದರಷ್ಟೇ ತಾಣದವರು ತೆಗೆಯಬೇಕು ಎಂದ ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಲ್ ತೀರ್ಪು ಹಿಡಿದುಕೊಂಡು ‘ಕೋರ್ಟ್ ಆರ್ಡರ್ ತನ್ನಿ’ ಎಂದು ಲೇಖಕರನ್ನು ವಾಪಸ್ ಕಳಿಸುವವರು ಈ ಮಾತನ್ನು ಗಮನಿಸಬೇಕು.

ಒಳ್ಳೆಯ ದೂರು ಹೇಗಿರಬೇಕು ಎನ್ನುವುದಕ್ಕೆ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೃತಿಸ್ವಾಮ್ಯ ನಿಯಮಗಳು 2013ರ 75ನೇ ನಿಯಮದಲ್ಲಿ ಪಟ್ಟಿಯೇ ಇದೆ. ಕೃತಿ ಯಾವುದೆಂದು ಗುರುತಿಸುವಷ್ಟು ವಿವರ. ದೂರುದಾರರೇ ಅದರ ಒಡೆಯರು ಅಥವಾ ಅವರೊಬ್ಬರಿಗೇ ಲೈಸೆನ್ಸ್ ಇದೆ ಎಂಬುದಕ್ಕೆ ಆಧಾರ. ಈ ಪ್ರತಿ ಅನಧಿಕೃತ, ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52ರ ವಿನಾಯಿತಿಗೆ ಬರುವುದಿಲ್ಲ ಎಂಬ ವಿವರಣೆ. ಅದು ಇರುವ ಜಾಗ. ಹಾಕಿದವರು ಯಾರೆಂದು ಗೊತ್ತಿದ್ದರೆ ಅವರ ವಿವರ. ಕೊನೆಯದು, 21 ದಿನದೊಳಗೆ ದಾವೆ ಹೂಡಿ ಕೋರ್ಟ್ ಆದೇಶ ತರುತ್ತೇನೆ ಎಂಬ ಮುಚ್ಚಳಿಕೆ. ದೂರು ತಲುಪಿದ 36 ಗಂಟೆಯೊಳಗೆ ಪ್ರತಿಯನ್ನು ತಡೆಹಿಡಿಯಬೇಕು, 21 ದಿನದೊಳಗೆ ಆದೇಶ ಬರದಿದ್ದರೆ ಮತ್ತೆ ತೆರೆಯಬಹುದು. ಕಾನೂನಿನ ಮಾತಿನಲ್ಲಿ ಈ ನಿಯಮ ಮಾಹಿತಿ ಸಾಗುವ ದಾರಿಯಲ್ಲಿ ತಾತ್ಕಾಲಿಕವಾಗಿ, ಪ್ರಾಸಂಗಿಕವಾಗಿ ಉಳಿಯುವ ಪ್ರತಿಗಳಿಗೆ ಬರೆದದ್ದು, ಸರ್ವರಿನಲ್ಲಿ ಕಾಯಂ ಕೂತಿರುವ ಬರಹಕ್ಕೆ ಹಾಗೇ ಅನ್ವಯಿಸುತ್ತದೆ ಎನ್ನಲಾಗದು. ಆದರೂ ದೂರಿನ ನಮೂನೆಗೆ ಇದಕ್ಕಿಂತ ಒಳ್ಳೆಯ ಆಧಾರ ನಮ್ಮಲ್ಲಿಲ್ಲ. ಇದನ್ನೇ ಕನ್ನಡದಲ್ಲಿ ಒಂದು ಫಾರಂ ಮಾಡಿ ಹಾಕಿ. ‘ಜಾಗ’ ಎಂಬಲ್ಲಿ ಪೂರ್ತಿ ಯುಆರ್‌ಎಲ್ ಕೇಳಿ. ಮುಖಪುಟದ ವಿಳಾಸವಲ್ಲ, ಗೂಗಲ್ ಹುಡುಕಾಟದ ಸ್ಕ್ರೀನ್‌ಶಾಟ್ ಅಲ್ಲ, ಆ ಪುಟ ತೆರೆದಾಗ ಮೇಲಿನ ಪಟ್ಟಿಯಲ್ಲಿ ಕಾಣುವ ವಿಳಾಸ ಪೂರ್ತಿ. ಮೊಬೈಲಿನಲ್ಲಿ ಅದನ್ನು ಕಾಪಿ ಮಾಡುವುದು ಹೇಗೆಂದು ಎರಡು ಸಾಲು ಬರೆದುಬಿಡಿ. ವಯಸ್ಸಾದ ಲೇಖಕರು ಎಡವುವುದೇ ಅಲ್ಲಿ.

ಅತಿ ಹೆಚ್ಚು ಗೊಂದಲ ಇರುವುದು ‘ಹಕ್ಕು ಯಾರದು’ ಎಂಬ ಪ್ರಶ್ನೆಯಲ್ಲಿ. ಪ್ರಕಾಶಕರು ಬಂದು ‘ಈ ಪುಸ್ತಕ ನಮ್ಮದು’ ಅನ್ನುತ್ತಾರೆ. ಪುಸ್ತಕ ತೆರೆದು ಶೀರ್ಷಿಕೆಯ ಹಿಂದಿನ ಪುಟ ನೋಡಿ. ಅಲ್ಲಿ ‘ಹಕ್ಕುಗಳು: ಲೇಖಕರವು’ ಎಂದಿದ್ದರೆ, ಪ್ರಕಾಶಕರ ಕೈಯಲ್ಲಿ ಬೇರೆ ಕರಾರು ಇದೆಯೇ ಎಂದು ಕೇಳಲೇಬೇಕು. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 19. ಅವಧಿ ಬರೆದಿಲ್ಲದಿದ್ದರೆ ಅದು ಬರೀ ಐದು ವರ್ಷಕ್ಕೆ. ಇಪ್ಪತ್ತು ವರ್ಷದ ಹಿಂದೆ ಬಾಯಿಮಾತಿನಲ್ಲಿ ಅಚ್ಚು ಹಾಕಿದವರು ಇವತ್ತು ಲೇಖಕರ ಮಕ್ಕಳ ಬ್ಲಾಗಿನ ಮೇಲೆ ದೂರು ಕೊಟ್ಟರೆ ಅದನ್ನು ಎತ್ತಿಹಿಡಿಯಲು ಆಗುವುದಿಲ್ಲ.

ಪತ್ರಿಕೆಯಲ್ಲಿ ಸಂಬಳಕ್ಕಿರುವವರು ಬರೆದ ಲೇಖನದ ವಿಷಯ ಬೇರೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದು, ಮಿಕ್ಕ ಹಕ್ಕು ಬರೆದವರದೇ. ಫೋಟೊ ವಿಚಾರ ಕೇಳಿದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೊದ ಮೊದಲ ಒಡೆಯರು ಸ್ಟುಡಿಯೊದವರಲ್ಲ, ತೆಗೆಸಿದವರು, ಬೇರೆ ಕರಾರು ಇಲ್ಲದಿದ್ದರೆ. ಸೆಕ್ಷನ್ 17 ಓದಿ. ಇದನ್ನು ಓದದೆ ಸ್ಟುಡಿಯೊ ಹೆಸರಿನ ಮುದ್ರೆ ನೋಡಿ ತೀರ್ಮಾನ ಮಾಡುವ ತಾಣಗಳಿವೆ. ಇನ್ನು ಕಾಪಿರೈಟ್ ನೋಂದಣಿ ಪತ್ರ ಕೊಡಿ ಎಂದು ಪೀಡಿಸುವುದು ತಪ್ಪು. ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ. ಪತ್ರ ಇದ್ದರೆ ಮೇಲ್ನೋಟದ ಸಾಕ್ಷಿ, ಅಷ್ಟೇ.

ಕಾಲಾವಧಿಯನ್ನೂ ಲೆಕ್ಕ ಹಾಕಬೇಕು. ಬರಹಕ್ಕೆ ಲೇಖಕರ ಜೀವಿತಾವಧಿ, ಅದರ ಮೇಲೆ 60 ವರ್ಷ, ಸತ್ತ ವರ್ಷದ ಮುಂದಿನ ಜನವರಿಯಿಂದ ಎಣಿಕೆ. ಬಿಎಂಶ್ರೀ ತೀರಿಕೊಂಡದ್ದು 1946ರಲ್ಲಿ. ಅವರ ಬದುಕಿನಲ್ಲಿ ಪ್ರಕಟವಾದ ಬರಹ 2007ರಿಂದ ಎಲ್ಲರದು. ಡಿವಿಜಿ ತೀರಿಕೊಂಡದ್ದು 1975ರ ಅಕ್ಟೋಬರ್‌ನಲ್ಲಿ. ದಿನಕ್ಕೊಂದು ಪದ್ಯ ಹಾಕುವ ಪುಟಗಳು ಎಷ್ಟಿದ್ದರೂ ಅವರ ಬರಹದ ಹಕ್ಕು 2035ರ ಡಿಸೆಂಬರ್ 31ರವರೆಗೆ ಇದೆ. ಬೇಂದ್ರೆಯವರದು 2041ರ ಕೊನೆವರೆಗೆ, ಕುವೆಂಪು ಅವರದು 2054ರ ಕೊನೆವರೆಗೆ. ‘ಎಲ್ಲರ ಬಾಯಲ್ಲೂ ಇದೆ, ಇನ್ನೆಲ್ಲಿಯ ಹಕ್ಕು’ ಎಂಬ ವಾದ ನಿಲ್ಲುವುದಿಲ್ಲ. ವಚನಗಳಿಗೆ, ದಾಸರ ಪದಗಳಿಗೆ ಹಕ್ಕಿಲ್ಲ, ಸರಿ. ಆದರೆ ಒಬ್ಬ ವಿದ್ವಾಂಸರು ಬರೆದ ಅರ್ಥ, ಟಿಪ್ಪಣಿ, ಮುನ್ನುಡಿಗೆ ಇದೆ. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುವವರು ವಚನದ ಜೊತೆ ಅದನ್ನೂ ಎತ್ತಿರುತ್ತಾರೆ.

ಎದುರು ಬದಿಯನ್ನೂ ನೋಡೋಣ. ದೂರು ಬಂದ ಮಾತ್ರಕ್ಕೆ ಅದು ಕಳ್ಳತನವಲ್ಲ. ವಿಮರ್ಶೆಗೆ, ಸಂಶೋಧನೆಗೆ, ಸದ್ಯದ ಘಟನೆಗಳ ವರದಿಗೆ ನ್ಯಾಯವಾಗಿ ಬಳಸಿಕೊಳ್ಳಲು ಸೆಕ್ಷನ್ 52 ಅವಕಾಶ ಕೊಟ್ಟಿದೆ. ವಿಮರ್ಶೆಯಲ್ಲಿ ಇಷ್ಟು ಸಾಲು ಉದ್ಧರಿಸಬಹುದು ಎಂಬ ಲೆಕ್ಕ ಕಾನೂನಿನಲ್ಲಿಲ್ಲ. ‘ನಾಲ್ಕು ಸಾಲಾದರೆ ಪರವಾಗಿಲ್ಲ’ ಎನ್ನುವುದೂ ಸುಳ್ಳು, ‘ಒಂದು ಸಾಲೂ ಮುಟ್ಟುವಂತಿಲ್ಲ’ ಎನ್ನುವುದೂ ಸುಳ್ಳು. ಎಂಟು ಸಾಲಿನ ಕವಿತೆಯನ್ನು ಪೂರ್ತಿ ಹಾಕಿ ಕೆಳಗೆ ‘ಸೊಗಸಾಗಿದೆ’ ಎಂದು ಬರೆದರೆ ಅದು ವಿಮರ್ಶೆಯಾಗುವುದಿಲ್ಲ. ಕಾದಂಬರಿಯ ಎರಡು ಪ್ಯಾರಾ ಎತ್ತಿಕೊಂಡು ಅದರ ಭಾಷೆ ಎಲ್ಲಿ ಸೋಲುತ್ತದೆ ಎಂದು ಎರಡು ಪುಟ ಚರ್ಚಿಸಿದರೆ ಆಗುತ್ತದೆ. ಕಟುವಿಮರ್ಶೆ ಸಹಿಸಲಾಗದೆ ಕಾಪಿರೈಟ್ ಹೆಸರಿನಲ್ಲಿ ದೂರು ಕೊಡುವವರೂ ಇದ್ದಾರೆ, ಇದು ನನಗೆ ತೀರಾ ಬೇಸರ ತರಿಸುವ ಸಂಗತಿ. ಸುಮ್ಮಸುಮ್ಮನೆ ಕೇಸಿನ ಬೆದರಿಕೆ ಹಾಕಿದರೆ ಸೆಕ್ಷನ್ 60ರಡಿ ಬೆದರಿಕೆಗೆ ಒಳಗಾದವರೇ ದಾವೆ ಹೂಡಿ ನಷ್ಟ ಪರಿಹಾರ ಕೇಳಬಹುದು. ಕಥೆಯ ವಸ್ತು, ಐಡಿಯಾ, ಶೀರ್ಷಿಕೆಯಷ್ಟೇ ಹೋಲುತ್ತಿದ್ದರೂ ತೆಗೆಯಬೇಕಾಗಿಲ್ಲ.

ದೂರಿನಲ್ಲಿ ಎಲ್ಲ ವಿವರ ಇದೆ, ಮೇಲ್ನೋಟಕ್ಕೆ ಸರಿಯಾಗಿಯೂ ಇದೆ ಎನ್ನಿ. ತೆಗೆಯುವ ಮುಂಚೆ ಆ ಪುಟದ ಪ್ರತಿ, ಹಾಕಿದ ದಿನಾಂಕ, ಖಾತೆಯ ವಿವರ ತೆಗೆದಿಟ್ಟುಕೊಳ್ಳಿ. ತೆಗೆದ ಮಾಹಿತಿಯ ದಾಖಲೆಯನ್ನು 180 ದಿನ ಇಡಬೇಕು ಎನ್ನುತ್ತವೆ ಐಟಿ ನಿಯಮಗಳು. ಡಿಲೀಟ್ ಒತ್ತಿ ಎಲ್ಲ ಅಳಿಸಿಬಿಟ್ಟರೆ ನಾಳೆ ದೂರುದಾರರ ಬಳಿಯೂ ಸಾಕ್ಷಿಯಿಲ್ಲ, ನಿಮ್ಮ ಬಳಿಯೂ ಇಲ್ಲ.

ಆಮೇಲೆ ನಿಜಕ್ಕೂ ಹೋಗಿದೆಯೇ ಎಂದು ನೋಡಿ. ಹೆಚ್ಚು ಜನ ಎಡವುವುದು ಇಲ್ಲಿ. ವರ್ಡ್‌ಪ್ರೆಸ್‌ನಲ್ಲಿ ಪೋಸ್ಟ್ ಅಳಿಸಿದರೂ ಅದರೊಳಗಿನ ಚಿತ್ರ ಮೀಡಿಯಾ ಲೈಬ್ರರಿಯಲ್ಲಿ ಹಾಗೇ ಕೂತಿರುತ್ತದೆ. ಚಿತ್ರದ ನೇರ ಲಿಂಕ್ ಇದ್ದವರಿಗೆ ತೆರೆದುಕೊಳ್ಳುತ್ತದೆ. ಜೊತೆಗೆ ಅದೇ ಚಿತ್ರದ ಸಣ್ಣ ಅಳತೆಯ ನಾಲ್ಕೈದು ಪ್ರತಿಗಳನ್ನು ಸಾಫ್ಟ್‌ವೇರ್ ತಾನೇ ಮಾಡಿಟ್ಟಿರುತ್ತದೆ. ಸಿಡಿಎನ್ (ಪುಟ ಬೇಗ ತೆರೆಯಲೆಂದು ಅದರ ಪ್ರತಿಗಳನ್ನು ಬೇರೆ ಬೇರೆ ಊರಿನ ಸರ್ವರ್‌ಗಳಲ್ಲಿ ಇಡುವ ಸೇವೆ) ಬಳಸುತ್ತಿದ್ದರೆ ಅಲ್ಲಿ ಉಳಿದ ಪ್ರತಿಗಳನ್ನೂ, ಅಂದರೆ ಕ್ಯಾಶ್ ಅನ್ನು, ಖಾಲಿ ಮಾಡಬೇಕು. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಲಾಗಿನ್ ಆಗದೆ, ಪುಟದ ಲಿಂಕ್ ಒಮ್ಮೆ, ಚಿತ್ರದ ಲಿಂಕ್ ಒಮ್ಮೆ ತೆರೆದು ನೋಡಿ. ಗೂಗಲ್‌ನಲ್ಲಿ ಇನ್ನೂ ಹಳೆಯ ಸಾಲು ಕಾಣುತ್ತಿದ್ದರೆ ಹಳೆಯ ಮಾಹಿತಿ ತೆಗೆಯಲು ಅವರದೇ ಫಾರಂ ಇದೆ. ಪುಟವಿದ್ದ ಜಾಗದಲ್ಲಿ ‘404’ (ಪುಟ ಸಿಗಲಿಲ್ಲ) ಎಂಬ ಸಂದೇಶ ಬಿಟ್ಟು ಸುಮ್ಮನಾಗಬೇಡಿ. ‘ಕೃತಿಸ್ವಾಮ್ಯದ ದೂರಿನ ಕಾರಣ ಈ ಬರಹವನ್ನು ಇಂಥ ದಿನ ತಡೆಹಿಡಿಯಲಾಗಿದೆ’ ಎಂದು ಬರೆಯಿರಿ.

ಹಾಕಿದವರಿಗೂ ಅದೇ ದಿನ ತಿಳಿಸಿ. ಯಾವ ಪುಟ, ಯಾವ ಕೃತಿಯ ಬಗ್ಗೆ ದೂರು, ಒಪ್ಪದಿದ್ದರೆ ಏನು ಮಾಡಬೇಕು, ಮೂರೂ ಇರಲಿ. ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇದಕ್ಕೊಂದು ಸ್ಪಷ್ಟ ದಾರಿಯಿದೆ. ದೂರು ತಪ್ಪೆಂದು ಹಾಕಿದವರು ಪ್ರತಿ-ನೋಟಿಸ್ ಕೊಟ್ಟರೆ, ದೂರುದಾರರು ದಾವೆ ಹೂಡದಿದ್ದರೆ, 10ರಿಂದ 14 ಕೆಲಸದ ದಿನಗಳೊಳಗೆ ವಾಪಸ್ ಹಾಕಬೇಕು. ಯೂಟ್ಯೂಬ್, ಫೇಸ್‌ಬುಕ್ ನಡೆಯುವುದು ಈ ಜಾಡಿನಲ್ಲೇ. ಆದರೆ ಪ್ರತಿ-ನೋಟಿಸ್‌ಗೆ ಸಹಿ ಹಾಕುವವರು ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿದಂತೆ ಎಂಬುದನ್ನು ನಮ್ಮ ಯೂಟ್ಯೂಬರ್‌ಗಳು ಓದದೆ ಒತ್ತಿಬಿಡುತ್ತಾರೆ. ಯೂಟ್ಯೂಬಿನಲ್ಲಿ ಇನ್ನೊಂದು ಮಾತು: ಕಂಟೆಂಟ್ ಐಡಿ ಕ್ಲೇಮ್ (ಯಂತ್ರವೇ ಹೋಲಿಕೆ ಹಿಡಿದು ಹಾಕುವ ಹಕ್ಕೊತ್ತಾಯ) ಬೇರೆ, ಸ್ಟ್ರೈಕ್ (ದೂರಿನ ಮೇಲೆ ವಿಡಿಯೊ ತೆಗೆದು ಚಾನೆಲ್‌ಗೆ ಕೊಡುವ ಎಚ್ಚರಿಕೆ) ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ, ಚಾನೆಲ್‌ಗೆ ಅಪಾಯವಿಲ್ಲ. 90 ದಿನದಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗಬಹುದು.

ತೆಗೆಯುವುದು ಎಷ್ಟನ್ನು ಎಂಬುದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. 2022ರ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ, ಸಿನಿಮಾ ಹಾಡಿನ ಸಂಗೀತವನ್ನು ಅನುಮತಿಯಿಲ್ಲದೆ ಬಳಸಿದ ದೂರಿನ ಮೇಲೆ ಒಂದು ರಾಷ್ಟ್ರೀಯ ಪಕ್ಷದ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಯಲು ಆದೇಶಿಸಿತು. ಮರುದಿನವೇ ಕರ್ನಾಟಕ ಹೈಕೋರ್ಟ್ ಅದನ್ನು ಬದಿಗಿಟ್ಟಿತು, ಆ ವಿಡಿಯೊ ತುಣುಕುಗಳನ್ನು ತೆಗೆಯಬೇಕು ಎಂಬ ಷರತ್ತಿನ ಮೇಲೆ. ಅಂದರೆ ತಪ್ಪಿರುವ ತುಣುಕು ಹೋಗಲಿ, ಖಾತೆ ಉಳಿಯಲಿ. ಒಂದು ದೂರಿಗೆ ಬಳಕೆದಾರರ ಹತ್ತು ವರ್ಷದ ಬರಹವನ್ನೆಲ್ಲ ಮುಚ್ಚುವ ತಾಣಗಳು ಇದನ್ನು ಓದಬೇಕು. ಪದೇ ಪದೇ ಅದೇ ಕೆಲಸ ಮಾಡುವವರ ಖಾತೆ ಮುಚ್ಚುವುದು ಸರಿ. ಅದಕ್ಕೂ ಎಷ್ಟನೇ ಸಲಕ್ಕೆ ಎಂದು ಮೊದಲೇ ಬರೆದಿಟ್ಟಿರಬೇಕು.

‘ಕೃಪೆ: ಅಂತರ್ಜಾಲ’ ಎಂದು ಬರೆದು ಕೈ ತೊಳೆದುಕೊಳ್ಳುವವರ ಬಗ್ಗೆ ಎರಡು ಮಾತು. ಅಂತರ್ಜಾಲ ಯಾರಿಗೂ ಅನುಮತಿ ಕೊಡುವುದಿಲ್ಲ. ಬರೆದವರ ಹೆಸರು ಕಿತ್ತುಹಾಕುವುದು ಸೆಕ್ಷನ್ 57ರ ಪ್ರಕಾರ ಲೇಖಕರ ಪ್ರತ್ಯೇಕ ಹಕ್ಕಿಗೆ ಧಕ್ಕೆ, ಹಕ್ಕನ್ನು ಮಾರಿದ ಮೇಲೂ ಆ ಹಕ್ಕು ಅವರಲ್ಲೇ ಉಳಿಯುತ್ತದೆ. ಫೋಟೊದ ಮೂಲೆಯಲ್ಲಿರುವ ಹೆಸರನ್ನು ಬೇಕೆಂದೇ ಕತ್ತರಿಸಿ ತೆಗೆದರೆ ಸೆಕ್ಷನ್ 65ಬಿ ಪ್ರಕಾರ ಎರಡು ವರ್ಷದವರೆಗೆ ಜೈಲಾಗಬಹುದು.

ದೂರು ಕೊಡುವ ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆ. ಫೇಸ್‌ಬುಕ್‌ನ ಫಾರಂನಲ್ಲಿ ನೀವು ಬರೆದ ಹೆಸರು, ಇಮೇಲ್ ವಿಳಾಸ ಎದುರಿನವರಿಗೆ ಹೋಗಬಹುದು. ಮನೆಯವರ ಜೊತೆ, ಬ್ಯಾಂಕಿನ ಜೊತೆ ಬಳಸುವ ಇಮೇಲ್ ಕೊಡಬೇಡಿ, ಇದಕ್ಕೆಂದೇ ಒಂದು ಬೇರೆ ವಿಳಾಸ ಮಾಡಿಕೊಳ್ಳಿ. ನಮ್ಮ ಕನ್ನಡ ತಾಣಗಳವರೂ ದೂರುದಾರರ ಫೋನ್ ನಂಬರನ್ನು, ಬರಹ ಹಾಕಿದವರಿಗೆ ‘ನೀವೇ ಮಾತಾಡಿಕೊಳ್ಳಿ’ ಎಂದು ಕಳಿಸಿಬಿಡುವ ಅಭ್ಯಾಸವನ್ನು ಇವತ್ತೇ ಬಿಡಬೇಕು. ದೂರಿನ ಸಾರ ಕಳಿಸಿ, ನಂಬರ್ ನಿಮ್ಮಲ್ಲೇ ಇರಲಿ.