ಕಪ್ಪು ಅಕ್ಷರಕ್ಕೆ ಹಳದಿ ಇಂಕ್ ಯಾಕಪ್ಪಾ?

ಇವತ್ತು ತಲೆ ಕೆಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಅತ್ತೆಯ ಪಾಸ್‌ಬುಕ್ಕಿನ ಮೊದಲ ಪುಟ ಸ್ಕ್ಯಾನ್ ಮಾಡಬೇಕಿತ್ತು. ಪ್ರಿಂಟ್ ಅಲ್ಲ, ಬರೀ ಸ್ಕ್ಯಾನ್. ಗಾಜಿನ ಮೇಲಿಟ್ಟು ಬಟನ್ ಒತ್ತಿದರೆ ಪ್ರಿಂಟರ್ ಮಹಾರಾಯರ ಅಪ್ಪಣೆ: ಹಳದಿ ಇಂಕ್ ಮುಗಿದಿದೆ, ಕಾರ್ಟ್ರಿಡ್ಜ್ ಬದಲಿಸಿ. ಸ್ಕ್ಯಾನರ್ ಯಾವಾಗಿನಿಂದ ಇಂಕ್ ಕುಡಿಯಲು ಶುರು ಮಾಡಿತು?

ನಮ್ಮನೆ ಪ್ರಿಂಟರಿನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು. ಟ್ಯೂಷನ್ ಮಕ್ಕಳ ಗಣಿತದ ಪ್ರಶ್ನೆಪತ್ರಿಕೆ. ಅಪ್ಪಟ ಕಪ್ಪು. ಹಳದಿ ಬೇಕಾಗಿದ್ದು ಮಗಳ ಪ್ರಾಜೆಕ್ಟಿನ ಒಂದು ಸೂರ್ಯಕಾಂತಿ ಹೂವಿಗೆ. ಹಾಗಾದರೆ ಉಳಿದ ಹಳದಿ ಎಲ್ಲಿ ಹೋಯಿತು?

ಚರಂಡಿಗೆ. ಪ್ರಿಂಟರಿನ ಹೊಟ್ಟೆಯೊಳಗೇ ಒಂದು ಚರಂಡಿ ಇದೆ. ಹೆಡ್ ಕ್ಲೀನಿಂಗ್ (ಇಂಕ್ ಉಗುಳುವ ಹೆಡ್ಡಿನ ಸಣ್ಣ ತೂತುಗಳನ್ನು ತೊಳೆಯುವುದು) ಮಾಡಿದಾಗಲೆಲ್ಲ ನಾಲ್ಕೂ ಬಣ್ಣ ಎಳೆದು, ಅಡಿಯಲ್ಲಿರುವ ಸ್ಪಂಜಿನಂಥ ಪ್ಯಾಡಿಗೆ ಸುರಿಯುತ್ತದೆ. ತಪ್ಪು ಕಪ್ಪಿನದಾದರೂ ಶಿಕ್ಷೆ ಹಳದಿಗೂ. ಆ ಪ್ಯಾಡ್ ತುಂಬಿದರೆ ಅದಕ್ಕೊಂದು ಬೇರೆ ಎರರ್!

ಅದಕ್ಕೇ ಮನೆಯಲ್ಲಿ ಬಡಕೊಳ್ಳುತ್ತಿರುತ್ತೇನೆ. ಸುಮ್ನೆ ಕ್ಲೀನಿಂಗ್ ಒತ್ತಬೇಡಿ, ಮೊದಲು ನಾಝಲ್ ಚೆಕ್ (ಆ ತೂತುಗಳ ಪರೀಕ್ಷೆಗೆಂದು ಗೆರೆ ಎಳೆದು ಕೊಡುವ ಪುಟ) ತೆಗೆದು ಗೆರೆ ಎಲ್ಲಿ ತುಂಡಾಗಿದೆ ನೋಡಿ. ಗೋಡೆಯ ಸ್ವಿಚ್ ಆರಿಸಬೇಡಿ, ಪ್ರಿಂಟರಿನ ಬಟನ್‌ನಲ್ಲೇ ಆಫ್ ಮಾಡಿ. ಆಗ ಹೆಡ್ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಇಂಕ್ ಒಣಗುವುದಿಲ್ಲ. ಇದನ್ನು ಹೇಳಿ ಹೇಳಿ ಒಣಗಿದ್ದು ನನ್ನ ಗಂಟಲು. ಯಜಮಾನರಿಗೆ ಗೋಡೆ ಸ್ವಿಚ್ ಮೇಲೇ ಪ್ರೀತಿ ಜಾಸ್ತಿ.

ಸಿಟ್ಟಿಗೆ ಆ 'ಖಾಲಿ' ಕಾರ್ಟ್ರಿಡ್ಜ್ ತೆಗೆದು ತಳದ ತೂತಿಗೆ ಟಿಶ್ಯೂ ಒತ್ತಿದೆ. ಅರಿಶಿನದ ಬಟ್ಟಲಲ್ಲಿ ಅದ್ದಿದ ಹಾಗೆ ಹಳದಿ! ಒಳಗೆ ಇಂಕ್ ಇದೆ ಸ್ವಾಮಿ. ಆದರೆ ಪ್ರಿಂಟರ್ ಒಳಗೆ ಇಣುಕಿ ನೋಡುವುದಿಲ್ಲ. ಎಷ್ಟು ಹನಿ ಉಗುಳಿದ್ದೇನೆ ಅಂತ ಲೆಕ್ಕ ಹಾಕಿ ಕಾರ್ಟ್ರಿಡ್ಜಿನ ಚಿಪ್‌ನಲ್ಲಿ ಬರೆದಿಡುತ್ತದೆ. ಲೆಕ್ಕ ಮುಗಿದರೆ ಇಂಕ್ ಮುಗಿದಂತೆ.

"ಅಕ್ಕಾ, ಪೂರ್ತಿ ಖಾಲಿಯಾಗುವ ತನಕ ಓಡಿಸಿದರೆ ಹೆಡ್ಡಿಗೆ ಗಾಳಿ ನುಗ್ಗಿ ಹಾಳಾಗುತ್ತದೆ" ಅಂದ ತಮ್ಮ. ಇಂಜಿನಿಯರ್ ಅಲ್ವಾ, ಕಂಪನಿ ಪರ ವಕಾಲತ್ತು. ಸರಿಯಪ್ಪ, ಒಪ್ಪಿದೆ. ಪಾಸ್‌ಬುಕ್ ಸ್ಕ್ಯಾನ್ ಮಾಡಿದರೆ ಎಲ್ಲಿಂದ ಗಾಳಿ ನುಗ್ಗುತ್ತದೆ? ಅದಕ್ಕೆ ಉತ್ತರ ಇಲ್ಲ, ಚಹಾ ಕುಡಿದು ಎದ್ದು ಹೋದ.

ಇದು ನನ್ನೊಬ್ಬಳ ಗೋಳಲ್ಲ. ಇಂಕ್ ಇಲ್ಲದಿದ್ದರೆ ಸ್ಕ್ಯಾನೂ ಆಗಲ್ಲ ಅಂತ 2021ರಲ್ಲಿ ಅಮೆರಿಕದ ಗ್ರಾಹಕರೊಬ್ಬರು ಕ್ಯಾನನ್ ಮೇಲೆ ಕೇಸೇ ಹಾಕಿದ್ದರು. (ನಮ್ಮನೆಯದು ಬೇರೆ ಕಂಪನಿ, ಹೆಸರು ಬೇಡ.) ತಮಾಷೆ ನೋಡಿ, 2022ರಲ್ಲಿ ಚಿಪ್ ಕೊರತೆಯಾದಾಗ ಅದೇ ಕ್ಯಾನನ್, ಚಿಪ್ ಇಲ್ಲದ ಟೋನರ್ (ಇಂಕಿನ ಬದಲು ಬಳಸುವ ಪುಡಿ) ಕಾರ್ಟ್ರಿಡ್ಜ್ ಹಾಕಿದರೆ ಬರುವ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದು ಹೇಗೆ ಅಂತ ಜರ್ಮನಿಯ ಗ್ರಾಹಕರಿಗೆ ತಾನೇ ಹೇಳಿಕೊಟ್ಟಿತು. ಅವು ಆಫೀಸಿನ ಟೋನರ್ ಮೆಷಿನ್‌ಗಳು, ನಿಜ. ಆದರೂ ಬೇಕಾದಾಗ ದಾರಿ ಇದೆ ಅಂತಾಯಿತಲ್ಲ.

ಇನ್ನು "ಇಂಕ್ ಟ್ಯಾಂಕ್ ಪ್ರಿಂಟರ್ ತಗೊಳ್ಳಿ ಮೇಡಂ" ಅಂತ ಕಮೆಂಟ್ ಹಾಕಲು ಕಾದಿರುವವರೇ, ಗೊತ್ತು. ಬಾಟಲಿಯಿಂದ ಸುರಿದುಕೊಳ್ಳಬಹುದು, ಪುಟದ ಖರ್ಚೂ ಕಮ್ಮಿ. ನೀವು ದುಡ್ಡು ಕೊಡ್ತೀರಾ? ಇಲ್ಲ ತಾನೇ? ಹಾಗಾಗಿ ಹಳದಿಯೊಂದನ್ನೇ ತಂದು ಹಾಕಿದೆ. ಹಾಕಿದ ಕೂಡಲೇ ಗುರ್ ಗುರ್ ಅಂತ ತಾನೇ ಹೆಡ್ ಕ್ಲೀನಿಂಗ್ ಮಾಡಿಕೊಂಡಿತು. ಈಗ ನೀಲಿ ಮುಗಿದಿದೆಯಂತೆ.